ಡಬ್ಬಿಯ ವಿಟಮಿನ್, ತಟ್ಟೆಯ ವಿಟಮಿನ್: ಸ್ತನ ಕ್ಯಾನ್ಸರ್ ಆದವರಿಗೆ ಯಾವುದು ನೆರವಾಗುತ್ತೆ?

ಎರಡನೇ ಕೀಮೋ ಇದ್ದ ದಿನ ಚಿಕ್ಕವ್ವ ಪಾಂಡವಪುರದ ಹತ್ತಿರದ ಹಳ್ಳಿಯಿಂದ ಬೆಳಗಿನ ಬಸ್ಸಿಗೇ ಮೈಸೂರಿಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಅವಳ ಚೀಲ ಎತ್ತಿಕೊಂಡೆ. ಕೈ ಜಗ್ಗುವಷ್ಟು ಭಾರ. ರಿಪೋರ್ಟ್ ಫೈಲು, ಟವೆಲ್, ನೀರಿನ ಬಾಟಲಿ, ಅದರ ಕೆಳಗೆ ಐದು ಡಬ್ಬಿ. ಅಳಿಯ ಮೆಡಿಕಲ್ ಸ್ಟೋರಿನಿಂದ ತಂದ ಆಂಟಿಆಕ್ಸಿಡೆಂಟ್ ಮಾತ್ರೆ. ಮುಖ ಬಾಡದಿರಲಿ ಅಂತ ಮಗಳು ಕೊಟ್ಟ ವಿಟಮಿನ್ ಇ. ಉದುರಿದ ಕೂದಲು ಬೇಗ ಬರಲಿ ಅಂತ ಇನ್ನೊಬ್ಬರು ಕೊಡಿಸಿದ ಬಯೋಟಿನ್. ಕಾಳುಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲ್. ಕೊನೆಗೆ ಪಕ್ಕದ ಮನೆಯವರು ಮಾರಿದ ಪ್ರೋಟೀನ್ ಪುಡಿ. ಅದೊಂದಕ್ಕೇ ಸಾವಿರದ ಮೇಲೆ ಕೊಟ್ಟಿದ್ದರು.

ಡಾಕ್ಟರು "ನಾವು ಬರೆದಿದ್ದು ಬಿಟ್ಟು ಬೇರೆ ಏನಾದ್ರೂ ತಗೋತಿದೀರಾ ಅಮ್ಮ?" ಅಂತ ಕೇಳಿದರು.

"ಏನೂ ಇಲ್ಲ ಸಾ" ಅಂದಳು.

ಸುಳ್ಳು ಹೇಳಿದ್ದಲ್ಲ. ಅವಳ ಲೆಕ್ಕದಲ್ಲಿ ಅವು ಔಷಧಿಯೇ ಅಲ್ಲ, ಶಕ್ತಿಗೆ ತಗೊಳ್ಳೋ ಮಾತ್ರೆ. ನಾನು ಡಬ್ಬಿಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರು ಒಂದೊಂದನ್ನೇ ತಿರುಗಿಸಿ ಹಿಂದಿನ ಚೀಟಿ ಓದಿದರು. ನಾಲ್ಕನ್ನು ಪಕ್ಕಕ್ಕೆ ಸರಿಸಿ, "ಕೀಮೋ ಮುಗಿಯೋ ತನಕ ಇವು ಬೇಡ" ಅಂದರು. ಆಮೇಲೆ ಕೇಳಿದ್ದು, "ಊಟ ಏನು ಮಾಡ್ತಿದೀರಾ?"

ಅನ್ನ, ತಿಳಿಸಾರು. ಅಷ್ಟೇ. ಮೊಟ್ಟೆ ಇಲ್ಲ, ಸೊಪ್ಪಿಲ್ಲ, ಕಾಳಿಲ್ಲ, ಮೊಸರೂ ಇಲ್ಲ. "ಎಲ್ಲಾ ನಂಜು ಅಂದವ್ರೆ ಸಾ. ಗಾಯ ಕೀವಾಯ್ತದಂತೆ."

ಚೀಲದಲ್ಲಿ ಐದು ಡಬ್ಬಿ, ತಟ್ಟೆಯಲ್ಲಿ ಬರೀ ಅನ್ನ. ಆಮೇಲೆ ತಿಂಗಳುಗಟ್ಟಲೆ ಕೀಮೋ ವಾರ್ಡಿನ ಹೊರಗೆ ಕೂತಾಗ ಮಂಡ್ಯ, ಚಾಮರಾಜನಗರ, ಹಾಸನ ಕಡೆಯಿಂದ ಬಂದ ಎಷ್ಟೋ ಹೆಂಗಸರ ಜೊತೆ ಮಾತಾಡಿದೆ. ಹೆಚ್ಚು ಕಡಿಮೆ ಎಲ್ಲರ ಕತೆಯೂ ಇದೇ. ಹಾಗಾಗಿ ವಿಟಮಿನ್ ಬಗ್ಗೆ ಸಂಶೋಧನೆಗಳು ಏನು ಹೇಳುತ್ತವೆ ಅಂತ ಒಂದಷ್ಟು ಓದಿದೆ. ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಅಂದರೆ ಚಿಕ್ಕವ್ವನಿಗೆ ಬಂದ ಈ ಸ್ತನ ಕ್ಯಾನ್ಸರ್. 2022ರ ಅಂದಾಜಿನಲ್ಲಿ ಭಾರತದಲ್ಲಿ ಒಂದೇ ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ಹೊಸ ಸ್ತನ ಕ್ಯಾನ್ಸರ್ ಪ್ರಕರಣ, ಸುಮಾರು 98 ಸಾವಿರ ಸಾವು. ಇಷ್ಟು ಮನೆಗಳಲ್ಲಿ "ಏನು ತಿನ್ನಿಸಿದರೆ ಉಳೀತಾಳೆ" ಅನ್ನೋ ಪ್ರಶ್ನೆ ಏಳುತ್ತೆ. ವಿಟಮಿನ್ ಮಾರುವವರು ಬರೋದು ಆ ಹೊತ್ತಿಗೇ.

ಮೊದಲು ಆಸೆ ಹುಟ್ಟಿಸುವ ಸುದ್ದಿ ನೋಡೋಣ. 2014ರಲ್ಲಿ ಹತ್ತು ಅಧ್ಯಯನಗಳನ್ನು ಒಟ್ಟು ಸೇರಿಸಿ, 17 ಸಾವಿರಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳ ಲೆಕ್ಕ ಹಾಕಿದರು. ಊಟದಲ್ಲಿ ವಿಟಮಿನ್ ಸಿ ದಿನಕ್ಕೆ 100 ಮಿಲಿಗ್ರಾಂ ಜಾಸ್ತಿ ಇದ್ದವರಲ್ಲಿ ಸಾವಿನ ಸಂಭವ ಸುಮಾರು 27 ಪರ್ಸೆಂಟ್ ಕಡಿಮೆ ಕಂಡಿತು. ರೋಗ ಗೊತ್ತಾದ ಮೇಲೆ ವಿಟಮಿನ್ ಸಿ ಮಾತ್ರೆ ತಗೊಂಡವರಲ್ಲೂ 19 ಪರ್ಸೆಂಟ್ ಕಡಿಮೆ ಇತ್ತು. ಅದಕ್ಕೂ ಮೊದಲು, 2011ರಲ್ಲಿ, ಚೀನಾದ ಶಾಂಘೈನಲ್ಲಿ 4,877 ಹೆಂಗಸರನ್ನು ಗಮನಿಸಿದ ಅಧ್ಯಯನ ಬಂದಿತ್ತು. ರೋಗ ಪತ್ತೆಯಾದ ಮೊದಲ ಆರು ತಿಂಗಳಲ್ಲಿ ವಿಟಮಿನ್ ಮಾತ್ರೆ ತಗೊಂಡವರಲ್ಲಿ ಸಾವು 18 ಪರ್ಸೆಂಟ್ ಕಡಿಮೆ ಅಂತ ಅದು ಹೇಳಿತು. ಆದರೆ ಆ ಲಾಭ ಕಂಡದ್ದು ರೇಡಿಯೇಷನ್, ಅಂದರೆ ನಮ್ಮೂರಲ್ಲಿ 'ಕರೆಂಟ್ ಕೊಡೋದು' ಅಂತಾರಲ್ಲ, ಅದನ್ನು ತಗೊಳ್ಳದೇ ಇದ್ದವರಲ್ಲಿ ಮಾತ್ರ.

ಇಷ್ಟು ಓದಿದರೆ ಯಾರಿಗಾದರೂ ಹೋಗಿ ಒಂದು ಡಬ್ಬಿ ತರೋಣ ಅನ್ನಿಸುತ್ತೆ. ನನಗೂ ಅನ್ನಿಸಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಅಧ್ಯಯನಗಳಲ್ಲಿ ಯಾರಿಗೂ ವಿಟಮಿನ್ ಕೊಟ್ಟು ನೋಡಿಲ್ಲ. ಅವರವರ ಪಾಡಿಗೆ ತಿನ್ನುತ್ತಿದ್ದವರನ್ನು ಏನು ತಿಂತೀರಿ ಅಂತ ಕೇಳಿ ಬರೆದುಕೊಂಡು, ವರ್ಷಗಳ ನಂತರ ಯಾರು ಉಳಿದರು ಅಂತ ನೋಡಿದ್ದಾರೆ. ದಿನಾ ಹಣ್ಣು ತಿನ್ನುವವಳ ಕೈಯಲ್ಲಿ ಕಾಸು ಇರುತ್ತೆ. ಅವಳು ವಾಕಿಂಗ್ ಹೋಗೋದು, ಚೆಕಪ್‌ಗೆ ಸರಿಯಾಗಿ ಬರೋದು, ಕೀಮೋ ಅರ್ಧಕ್ಕೆ ಬಿಡದಿರೋದು ಜಾಸ್ತಿ. ಹೊಟ್ಟೆಗೆ ಊಟ ಇಳಿಯುತ್ತಿದೆ ಅಂದರೆ ರೋಗ ಅಷ್ಟು ಜೋರಾಗಿಲ್ಲ ಅಂತಲೂ ಇರಬಹುದು. ಉಳಿಸಿದ್ದು ಸೀಬೆಹಣ್ಣೋ, ಸೀಬೆಹಣ್ಣು ಕೊಳ್ಳುವಂಥ ಬದುಕೋ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತೀವಲ್ಲ, ಆ ಅನುಮಾನ ಇಂಥ ಪ್ರತಿ ಅಧ್ಯಯನದಲ್ಲೂ ಉಳಿಯುತ್ತೆ. ಲೆಕ್ಕದಲ್ಲಿ ಎಷ್ಟೇ ಸರಿದೂಗಿಸಿದರೂ ಪೂರ್ತಿ ಹೋಗಲ್ಲ.

ಆ ಅನುಮಾನ ಕಳೆಯೋಕೆ ಒಂದೇ ದಾರಿ. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಊಟ ಬದಲಾಯಿಸಿ ನೋಡೋದು. ಅಮೆರಿಕದಲ್ಲಿ ಅದನ್ನೂ ಮಾಡಿದರು. ಚಿಕಿತ್ಸೆ ಮುಗಿಸಿದ್ದ 3,088 ಹೆಂಗಸರಲ್ಲಿ ಒಂದು ಗುಂಪಿಗೆ ದಿನಾ ಐದು ಪಾಲು ತರಕಾರಿ, ಮೂರು ಪಾಲು ಹಣ್ಣು, ಅದರ ಮೇಲೆ ತರಕಾರಿ ಜ್ಯೂಸ್, ಜಾಸ್ತಿ ನಾರು, ಕಡಿಮೆ ಜಿಡ್ಡು. ಏಳು ವರ್ಷ ಕಾದರು. 2007ರಲ್ಲಿ ಫಲಿತಾಂಶ ಬಂತು. ರೋಗ ಮರುಕಳಿಸಿದ್ದರಲ್ಲೂ ವ್ಯತ್ಯಾಸವಿಲ್ಲ, ಸಾವಿನಲ್ಲೂ ಇಲ್ಲ.

ಹಾಗಂತ ಸೊಪ್ಪು-ತರಕಾರಿ ದಂಡ ಅಂತ ನಾನು ಓದಿಕೊಳ್ಳಲಿಲ್ಲ. ಆ ಅಧ್ಯಯನಕ್ಕೆ ಬಂದ ಹೆಂಗಸರು ಮೊದಲೇ ಹಣ್ಣು-ತರಕಾರಿ ಚೆನ್ನಾಗಿ ತಿನ್ನುತ್ತಿದ್ದವರು. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಎಷ್ಟು ನಿಲ್ಲುತ್ತೆ? ನಮ್ಮ ಚಿಕ್ಕವ್ವನದು ಖಾಲಿ ಕೊಡ. ಅಲ್ಲಿಯ ಫಲಿತಾಂಶವನ್ನು ಇಲ್ಲಿಗೆ ಹಾಗೇ ಅನ್ವಯಿಸೋಕೆ ಆಗಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಒಂದಂತೂ ಸ್ಪಷ್ಟ. ಸಾಕಷ್ಟು ಇದ್ದ ಮೇಲೆ ಇನ್ನೂ ಜಾಸ್ತಿ ಸುರಿದರೆ ಜಾಸ್ತಿ ಆಯಸ್ಸು ಬರೋದಿಲ್ಲ.

ಈಗ ಡಾಕ್ಟರು ಪಕ್ಕಕ್ಕೆ ಸರಿಸಿದ ನಾಲ್ಕು ಡಬ್ಬಿಗೆ ಬರೋಣ.

ಕೀಮೋ ಮತ್ತು ರೇಡಿಯೇಷನ್ ಗಡ್ಡೆಯನ್ನು ಹೊಡೆಯೋ ದಾರಿಗಳಲ್ಲಿ ಒಂದು, ಜೀವಕೋಶದೊಳಗೆ ತುಂಬಾ ಚುರುಕಾದ ಆಮ್ಲಜನಕದ ಕಣಗಳನ್ನು ಹುಟ್ಟಿಸೋದು. ಅವು ಕ್ಯಾನ್ಸರ್ ಕೋಶವನ್ನು ಒಳಗಿಂದಲೇ ಸುಡುತ್ತವೆ. ಆಂಟಿಆಕ್ಸಿಡೆಂಟ್‌ನ ಕೆಲಸವೇ ಆ ಕಣಗಳನ್ನು ತಣಿಸೋದು. ಮಾತ್ರೆಯಲ್ಲಿ ಬಂದ ಆಂಟಿಆಕ್ಸಿಡೆಂಟ್‌ಗೆ ಇದು ಒಳ್ಳೇ ಕೋಶ, ಇದು ಕೆಟ್ಟ ಕೋಶ ಅಂತ ಗೊತ್ತಾಗಲ್ಲ. ಅದು ಗಡ್ಡೆಯನ್ನೂ ಕಾಪಾಡಬಹುದು. ಕೀಮೋ ವಾರ್ಡಿನಲ್ಲಿ ಎಲ್ಲರೂ 'ಕೆಂಪು ಇಂಜೆಕ್ಷನ್' ಅನ್ನೋ ಡಾಕ್ಸೊರುಬಿಸಿನ್ ಇದೆಯಲ್ಲ, ಅದೂ ಇಂಥ ಕಣಗಳನ್ನು ಹುಟ್ಟಿಸುವ ಔಷಧಿಯೇ.

ಇದು ಬರೀ ಊಹೆಯೋ ಅಂತ ನೋಡಲು, ಇದೇ ಕೆಂಪು ಇಂಜೆಕ್ಷನ್ ತಗೊಂಡ 1,134 ಸ್ತನ ಕ್ಯಾನ್ಸರ್ ರೋಗಿಗಳನ್ನು ಅಮೆರಿಕದ ಸಂಶೋಧಕರು ಕೇಳಿದರು. ಕೀಮೋಗೆ ಮೊದಲು ಏನು ಮಾತ್ರೆ ತಗೋತಿದ್ರಿ, ಕೀಮೋ ನಡೆಯುವಾಗ ಏನು ತಗೊಂಡ್ರಿ? 2019ರ ಕೊನೆಯಲ್ಲಿ ಫಲಿತಾಂಶ ಪ್ರಕಟವಾಯಿತು. ವಿಟಮಿನ್ ಎ, ಸಿ, ಇ, ಕೆರೊಟಿನಾಯ್ಡ್, ಕೋಎಂಜೈಮ್ ಕ್ಯೂ10, ಈ ಆಂಟಿಆಕ್ಸಿಡೆಂಟ್‌ಗಳಲ್ಲಿ ಯಾವುದನ್ನಾದರೂ ಮೊದಲೂ, ಕೀಮೋ ಹೊತ್ತಲ್ಲೂ ತಗೊಂಡವರಲ್ಲಿ ರೋಗ ಮರುಕಳಿಸುವ ಸಂಭವ ಸುಮಾರು 40 ಪರ್ಸೆಂಟ್ ಜಾಸ್ತಿ ಇತ್ತು. ಆದರೆ ಈ ಅಂಕಿ ಗಟ್ಟಿಯಾಗಿ ನಿಲ್ಲುವಷ್ಟು ಜನ ಆ ಗುಂಪಿನಲ್ಲಿ ಇರಲಿಲ್ಲ. ಹೆಚ್ಚು ಗಟ್ಟಿಯಾಗಿ ಕಂಡದ್ದು ಬಿ12 ವಿಷಯದಲ್ಲಿ. ಮೊದಲೂ, ಕೀಮೋ ಹೊತ್ತಲ್ಲೂ ಬಿ12 ತಗೊಂಡವರಲ್ಲಿ ಸಾವಿನ ಸಂಭವ ಹತ್ತಿರ ಎರಡರಷ್ಟು. ಕೀಮೋ ಹೊತ್ತಿನಲ್ಲಿ ಕಬ್ಬಿಣದ ಮಾತ್ರೆ ತಗೊಂಡವರಲ್ಲೂ ಮರುಕಳಿಸಿದ್ದು ಜಾಸ್ತಿ. ಮಾಮೂಲಿ ಮಲ್ಟಿವಿಟಮಿನ್‌ನಿಂದ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ.

ಕಾಗೆ-ಕೊಂಬೆಯ ಮಾತನ್ನು ಇಲ್ಲೂ ಅನ್ವಯಿಸಬೇಕು, ಇಲ್ಲದಿದ್ದರೆ ನ್ಯಾಯ ಆಗಲ್ಲ. ರಕ್ತ ತೀರಾ ಕಡಿಮೆ ಇದ್ದವರಿಗೇ ತಾನೆ ಕಬ್ಬಿಣ, ಬಿ12 ಕೊಡೋದು? ಅವರ ಸ್ಥಿತಿ ಮೊದಲೇ ಕೆಟ್ಟಿದ್ದಿರಬಹುದು. ಹಾಗಾಗಿ ಈ ಅಧ್ಯಯನ ಕೊನೆಯ ಮಾತಲ್ಲ. ಆದರೂ ತಕ್ಕಡಿ ಹಿಡಿದು ನೋಡಿ. ಒಂದು ಕಡೆ, ಕೀಮೋ ಹೊತ್ತಿನಲ್ಲಿ ಹೆಚ್ಚಿನ ಡೋಸ್ ಮಾತ್ರೆ ಆಯಸ್ಸು ಕೊಡುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಇನ್ನೊಂದು ಕಡೆ, ಕೆಡುಕು ಮಾಡಬಹುದು ಅನ್ನೋ ಅನುಮಾನ ಇದೆ. ಆ ಕೆಲವು ತಿಂಗಳ ಮಟ್ಟಿಗೆ ಡಬ್ಬಿಯನ್ನು ಅಟ್ಟಕ್ಕೆ ಹಾಕೋದೇ ಸರಿ. ಯುರೋಪಿನ ಪೋಷಣೆ ತಜ್ಞರ ಸಂಘ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟಿರುವ ಸಲಹೆಯೂ ಇದೇ. ವಿಟಮಿನ್ ದಿನದ ಅಗತ್ಯದಷ್ಟು ಸಿಗಲಿ, ಕೊರತೆ ಇದೆ ಅಂತ ಗೊತ್ತಾಗದೆ ಹೆಚ್ಚಿನ ಡೋಸ್ ಬೇಡ.

ಕೊರತೆ ಇದ್ದವರ ಮಾತು ಬೇರೆ, ಇದನ್ನು ಒತ್ತಿ ಹೇಳಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಮಾಂಸ-ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಮಾಮೂಲು. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡು ಕ್ಯಾನ್ಸರ್ ಡಾಕ್ಟರೇ ಕೊಟ್ಟರೆ ಅದನ್ನು ತಗೊಳ್ಳಲೇಬೇಕು, ಈ ಲೇಖನ ಓದಿ ನಿಲ್ಲಿಸಬಾರದು. ನಾನು ಬೇಡ ಅನ್ನುತ್ತಿರೋದು ಊರಿನ ಕ್ಲಿನಿಕ್‌ಗೆ ಹೋಗಿ "ಸುಸ್ತು ಸಾ" ಅಂದ ತಕ್ಷಣ ಹಾಕುವ ಶಕ್ತಿ ಇಂಜೆಕ್ಷನ್ನು, ಬಾಟ್ಲು.

ಮಿಕ್ಕ ಡಬ್ಬಿಗಳದ್ದೂ ಒಂದೊಂದು ತೊಂದರೆ. ಬಯೋಟಿನ್ ಜಾಸ್ತಿ ತಗೊಂಡರೆ ಥೈರಾಯ್ಡ್, ಹಾರ್ಮೋನ್ ಥರದ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರುತ್ತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಇದನ್ನು ಎಚ್ಚರಿಸಿದೆ. ಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ತಗೊಂಡಾಗ, ಸ್ತನ ಕ್ಯಾನ್ಸರ್ ಮರುಕಳಿಸದಿರಲಿ ಅಂತ ಕೊಡುವ ಟ್ಯಾಮೊಕ್ಸಿಫೆನ್ ಮಾತ್ರೆಯಿಂದ ದೇಹದಲ್ಲಿ ತಯಾರಾಗುವ ಮುಖ್ಯ ಅಂಶ ಕಡಿಮೆಯಾಗಿದ್ದು ನೆದರ್‌ಲೆಂಡ್ಸ್‌ನ ಒಂದು ಚಿಕ್ಕ ಅಧ್ಯಯನದಲ್ಲಿ ಕಂಡಿದೆ. ಸಾರಿಗೆ ಹಾಕೋ ಚಿಟಿಕೆ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ, ಮಾತು ಕ್ಯಾಪ್ಸೂಲ್‌ದು. ಕ್ಯಾಪೆಸಿಟಾಬಿನ್ ಅನ್ನೋ ಕೀಮೋ ಮಾತ್ರೆ ತಗೊಳ್ಳುವವರು ಹೆಚ್ಚಿನ ಡೋಸ್ ಫೋಲಿಕ್ ಆಸಿಡ್ ನುಂಗಿದರೆ ಭೇದಿ, ಬಾಯಿಹುಣ್ಣು, ಅಂಗೈ-ಅಂಗಾಲು ಸುಲಿಯೋದು ಜೋರಾಗಬಹುದು. ಕೈಕಾಲು ಜೋಮು ಹಿಡಿಯೋದಕ್ಕೆ ಒಳ್ಳೇದು ಅಂತ ಮಾರುವ ಅಸಿಟೈಲ್ ಕಾರ್ನಿಟಿನ್‌ದಂತೂ ತಿರುಗುಬಾಣ. 409 ಹೆಂಗಸರ ಮೇಲೆ ಚೀಟಿ ಎತ್ತಿಯೇ ಮಾಡಿದ ಪರೀಕ್ಷೆಯಲ್ಲಿ, ಅದನ್ನು ತಗೊಂಡವರಿಗೇ ಜೋಮು ಜಾಸ್ತಿ ಆಯ್ತು ಅಂತ 2013ರಲ್ಲಿ ಗೊತ್ತಾಯಿತು.

ಇವೆಲ್ಲ ಒಂದು ಕಡೆಗಿರಲಿ. ಉಳಿಯೋದು-ಹೋಗೋದನ್ನು ನಿಜವಾಗಿ ನಿರ್ಧರಿಸುವ ಅಂಕಿ ಬೇರೆಯೇ ಇದೆ. ಭಾರತದ 11 ಕ್ಯಾನ್ಸರ್ ನೋಂದಣಿ ಕೇಂದ್ರಗಳ ಲೆಕ್ಕದಲ್ಲಿ, ಗಡ್ಡೆ ಎದೆಯಲ್ಲಷ್ಟೇ ಇದ್ದಾಗ ಬಂದವರಲ್ಲಿ ಐದು ವರ್ಷ ಬದುಕಿದವರು 81 ಪರ್ಸೆಂಟ್. ಸುತ್ತಮುತ್ತ ಹರಡಿದ್ದರೆ 65. ದೂರದ ಅಂಗಗಳಿಗೆ ಹೋಗಿದ್ದರೆ 18. ಈ 81ಕ್ಕೂ 18ಕ್ಕೂ ಇರುವ ಅಂತರವನ್ನು ಯಾವ ವಿಟಮಿನ್ನೂ ಮುಚ್ಚೋಕೆ ಆಗಲ್ಲ. ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಸಂಭವ 6ರಿಂದ 8 ಪರ್ಸೆಂಟ್ ಏರುತ್ತೆ ಅಂತ 2020ರಲ್ಲಿ ಬಂದ ದೊಡ್ಡ ವಿಶ್ಲೇಷಣೆ ಹೇಳುತ್ತೆ. ಚಿಕ್ಕವ್ವನಿಗೆ ಗಡ್ಡೆ ಕೈಗೆ ಸಿಕ್ಕಿದ್ದು ಕಬ್ಬು ಕಡಿಯೋ ಕಾಲದಲ್ಲಿ. "ಕಬ್ಬು ಫ್ಯಾಕ್ಟರಿಗೆ ಹೋಗ್ಲಿ, ಆಮ್ಯಾಕೆ ನೋಡಾನ ಅಂದ್ಕಂಡೆ ಕಣ್ ಮಗ" ಅಂತ ಆಮೇಲೆ ಹೇಳಿದಳು. ನೋವಿರಲಿಲ್ಲ, ಅದಕ್ಕೇ ಯಾರಿಗೂ ಹೇಳಲಿಲ್ಲ. ಎರಡು ತಿಂಗಳು ಹಾಗೇ ಹೋಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಈಗ ತಟ್ಟೆಯ ಮಾತು.

ನಂಜು ಅನ್ನೋ ನಂಬಿಕೆಯನ್ನು ನಾನು ತೆಗೆದುಹಾಕಿ ಮಾತಾಡಲ್ಲ. ಕೀವು ತಡೆಯೋ ಔಷಧಿ ಇಲ್ಲದ ಕಾಲದಲ್ಲಿ ಗಾಯ ಆದವರನ್ನು ಹುಷಾರಾಗಿ ನೋಡಿಕೊಳ್ಳೋಕೆ ನಮ್ಮ ಅಜ್ಜಿಯರು ಕಟ್ಟಿಕೊಂಡ ನಿಯಮ ಅದು. ಆದರೆ ಪಟ್ಟಿ ನೋಡಿ. ಮೊಟ್ಟೆ, ಮೀನು, ಬದನೆಕಾಯಿ, ಅವರೆಕಾಳು, ಕಡಲೆಬೀಜ ನಂಜು. ಮೊಸರು, ಸೀಬೆಹಣ್ಣು ಶೀತ. ಪರಂಗಿ ಹಣ್ಣು ಉಷ್ಣ. ಎಲ್ಲ ಕಳೆದರೆ ಉಳಿಯೋದು ಅನ್ನ, ತಿಳಿಸಾರು, ಬ್ರೆಡ್ಡು. ಹೊಲಿಗೆ ಹಾಕಿದ ಗಾಯ ಕೂಡಿಕೊಳ್ಳೋಕೆ ಬೇಕಾಗಿರೋದೇ ಪ್ರೋಟೀನ್ ಮತ್ತು ವಿಟಮಿನ್ ಸಿ. ವಿಟಮಿನ್ ಸಿ ಇಲ್ಲದೆ ಚರ್ಮವನ್ನು ಹಿಡಿದು ಕೂರಿಸುವ ಎಳೆಗಳು ಗಟ್ಟಿ ಆಗಲ್ಲ. ಅಂದರೆ ಗಾಯಕ್ಕೆ ಬೇಕಾದ್ದನ್ನೇ ಗಾಯದ ಹೆಸರಲ್ಲಿ ನಿಲ್ಲಿಸುತ್ತಿದ್ದೇವೆ.

ಲೆಕ್ಕ ಹಾಕಿ ನೋಡಿದೆ. ಕ್ಯಾನ್ಸರ್ ರೋಗಿಗೆ ದಿನಕ್ಕೆ ಕಿಲೋ ತೂಕಕ್ಕೆ ಕನಿಷ್ಠ 1 ಗ್ರಾಂ, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್ ಬೇಕು. ಚಿಕ್ಕವ್ವ 52 ಕಿಲೋ. 52 ಗ್ರಾಂ ಮುಟ್ಟಬೇಕು. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 7 ಗ್ರಾಂ, ಎರಡು ಹೊತ್ತಿಗೆ 14. ಎರಡು ಮೊಟ್ಟೆ, 12. ಎರಡು ಲೋಟ ಹಾಲು ಇಲ್ಲಾ ಮೊಸರು, 13. ಹುರುಳಿ, ಅಲಸಂದೆ, ಹೆಸರುಕಾಳು, ಯಾವುದಾದರೂ ಸೇರಿ ದಿನಕ್ಕೆ 75 ಗ್ರಾಂ ಬೇಯಿಸಿದರೆ ಇನ್ನು 16. ಅಲ್ಲಿಗೆ 55 ಆಯ್ತು. ಇದರಲ್ಲಿ ಅಂಗಡಿಯಿಂದ ತರಬೇಕಾದ ಡಬ್ಬಿ ಯಾವುದೂ ಇಲ್ಲ, ಅಲ್ವಾ? ಬಾಯಿ ಹುಣ್ಣಾಗಿ ಅಗಿಯೋಕೇ ಆಗದ ದಿನಗಳಲ್ಲಿ ಪುಡಿ ಉಪಯೋಗಕ್ಕೆ ಬರುತ್ತೆ. ಅದಕ್ಕೇ ಡಾಕ್ಟರು ಅದೊಂದನ್ನು ಉಳಿಸಿದ್ದು.

ವಿಟಮಿನ್‌ಗೆ ಬಂದರೆ ನಮ್ಮ ಕಡೆಯ ಅಡುಗೆಯೇ ಎಷ್ಟು ಚೆನ್ನಾಗಿದೆ ಅಂತ ನನಗೆ ತಿಳಿದದ್ದು ಈ ನೆಪದಲ್ಲಿ. ಸೊಪ್ಪು ಬೇಯಿಸಿದಾಗ ಅದರಲ್ಲಿರೋ ಫೋಲೇಟ್ ಅನ್ನೋ ಬಿ ವಿಟಮಿನ್ ನೀರಿಗೆ ಇಳಿಯುತ್ತೆ. ಆ ನೀರು ಚೆಲ್ಲಿದರೆ ಹೋಯ್ತು. ಬಸ್ಸಾರು ಮಾಡೋವಾಗ ಏನು ಮಾಡ್ತೀವಿ? ದಂಟಿನ ಸೊಪ್ಪೋ, ಬೆರಕೆ ಸೊಪ್ಪೋ ಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದು ಅದಕ್ಕೇ ಖಾರ ರುಬ್ಬಿ ಹಾಕಿ ಸಾರು ಮಾಡ್ತೀವಿ. ಸೊಪ್ಪು-ಕಾಳು ಪಲ್ಯ ಆಗುತ್ತೆ. ಒಂದು ತೊಟ್ಟೂ ಹೊರಗೆ ಹೋಗಲ್ಲ. ವಿಟಮಿನ್ ಸಿ ಮಾತ್ರ ಬಿಸಿಗೆ ಬಹಳಷ್ಟು ನಾಶ ಆಗುತ್ತೆ, ರಾಗಿಯಲ್ಲೂ ಅದು ಸಿಗಲ್ಲ. ಅದಕ್ಕೆ ತಟ್ಟೆಗೆ ಬಡಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಬೇಕು, ದಿನಕ್ಕೊಂದು ಹಣ್ಣು ತಿನ್ನಬೇಕು. ನಮ್ಮ ದೇಶದ ಶಿಫಾರಸಿನ ಪ್ರಕಾರ ಹೆಂಗಸಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 65 ಮಿಲಿಗ್ರಾಂ. ನೂರು ಗ್ರಾಂ ಸೀಬೆಹಣ್ಣಿನಲ್ಲಿ 200ರ ಆಸುಪಾಸು ಇರುತ್ತೆ. ದೇವರಾಜ ಮಾರ್ಕೆಟ್ಟಿನಲ್ಲಿ ರಾಶಿ ಹಾಕಿರ್ತಾರಲ್ಲ, ಅದರಲ್ಲಿ ಅರ್ಧ ಹಣ್ಣು ಸಾಕು.

ಒಂದು ಹುಷಾರು. ಕೀಮೋ ಆಗಿ ವಾರ-ಹತ್ತು ದಿನಕ್ಕೆ ಬಿಳಿ ರಕ್ತಕಣ ಇಳಿದಿರುತ್ತೆ, ಸೋಂಕು ಬೇಗ ತಗಲುತ್ತೆ. ಆಗ ಗಾಡಿಯಲ್ಲಿ ಹೆಚ್ಚಿ ಉಪ್ಪು-ಖಾರ ಹಚ್ಚಿ ಕೊಡೋ ಹೋಳು ಬೇಡ. ಹಣ್ಣು ಮನೆಗೆ ತಂದು ಚೆನ್ನಾಗಿ ತೊಳೆದು, ಆಗಲೇ ಹೆಚ್ಚಿ ತಿನ್ನಬೇಕು. ಮೊಟ್ಟೆ ಪೂರ್ತಿ ಬೆಂದಿರಬೇಕು. ಇನ್ನು ನೋಡೋಕೆ ಬಂದವರು ತರುವ ಸಿಹಿ ಮಾಲ್ಟ್ ಪುಡಿ, ಬಿಸ್ಕತ್ತು. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಹಳ ಜನರ ತೂಕ ಇಳಿಯೋದಲ್ಲ, ಏರುತ್ತೆ. ಅದೂ ಒಳ್ಳೇದಲ್ಲ.

ಹೀಗೆಲ್ಲ ಬರೆಯೋದು ಸುಲಭ, ಮನೆಯಲ್ಲಿ ಬಡಿಸೋದು ಕಷ್ಟ. ಚಿಕ್ಕವ್ವ ಜೀವಮಾನ ಪೂರ್ತಿ ಎಲ್ಲರದ್ದೂ ಆದ ಮೇಲೆ ಉಂಡವಳು. ಪಾತ್ರೆ ತಳದಲ್ಲಿ ಪಲ್ಯ ಉಳಿದರೆ ಉಂಟು, ಇಲ್ಲದಿದ್ದರೆ ಸಾರು ಕಲಸಿಕೊಂಡು ಎದ್ದಳು. ಕೀಮೋ ಶುರುವಾದ ಮೇಲೂ ಅದೇ ಅಭ್ಯಾಸ. ಎರಡು ಮೊಟ್ಟೆ ಬೇಯಿಸಿಟ್ಟರೆ ಒಂದನ್ನು ಮೊಮ್ಮಗನ ತಟ್ಟೆಗೆ ಹಾಕಿರೋಳು. ಕೊನೆಗೆ ಸೊಸೆ ಒಂದು ಉಪಾಯ ಮಾಡಿದಳು. ಡಾಕ್ಟರ ಕೈಯಲ್ಲೇ ಔಷಧಿ ಚೀಟಿಯ ಕೆಳಗೆ ಕನ್ನಡದಲ್ಲಿ ಬರೆಸಿಕೊಂಡು ಬಂದಳು: ದಿನಾ ಎರಡು ಮೊಟ್ಟೆ, ಒಂದು ಬಟ್ಟಲು ಸೊಪ್ಪು, ಒಂದು ಹಣ್ಣು. ಚೀಟಿಯಲ್ಲಿ ಬಂದ ಮೇಲೆ ಅದು ಔಷಧಿ ಆಯ್ತು. ಆಮೇಲೆ ಹಂಚಲಿಲ್ಲ. ನಂಜಿನ ಮಾತೆತ್ತಿದ ನೆಂಟರಿಗೂ ಅದೇ ಚೀಟಿ ತೋರಿಸಿದರು.

ಈಗ ಕೀಮೋ, ಕರೆಂಟ್ ಎರಡೂ ಮುಗಿದಿದೆ. ರೋಗ ಮರುಕಳಿಸದಿರಲಿ ಅಂತ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ನಡೆಯುತ್ತಿದೆ, ವರ್ಷಗಟ್ಟಲೆ ತಗೊಳ್ಳಬೇಕು. ಅದು ಮೂಳೆ ಸವೆಸುತ್ತೆ. ಅದಕ್ಕೇ ಡಾಕ್ಟರು ರಕ್ತದಲ್ಲಿ ವಿಟಮಿನ್ ಡಿ ನೋಡಿಸಿ, ಕಡಿಮೆ ಇದ್ದದ್ದರಿಂದ ಡಿ ಮತ್ತು ಕ್ಯಾಲ್ಸಿಯಂ ಬರೆದುಕೊಟ್ಟರು. ವಿಟಮಿನ್ ಡಿ ಚೆನ್ನಾಗಿದ್ದ ಸ್ತನ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಲ ಬದುಕಿದ್ದು 2017ರ ಒಂದು ಅಧ್ಯಯನದಲ್ಲಿ ಕಂಡಿದೆ. ಆದರೆ ಅದೂ ಕಾಗೆ-ಕೊಂಬೆಯ ಜಾತಿಯದ್ದೇ. 25 ಸಾವಿರಕ್ಕೂ ಹೆಚ್ಚು ಜನರಿಗೆ ಚೀಟಿ ಎತ್ತಿ ಡಿ ಮಾತ್ರೆ ಕೊಟ್ಟು ನೋಡಿದಾಗ, ಹೊಸದಾಗಿ ಕ್ಯಾನ್ಸರ್ ಬರೋದು ಕಡಿಮೆಯಾಗಲಿಲ್ಲ. ಚಿಕ್ಕವ್ವ ಅದನ್ನು ತಗೊಳ್ಳುತ್ತಿರೋದು ಮೂಳೆಗೆ. ಬೆಳಿಗ್ಗೆ ಎಳೆ ಬಿಸಿಲಲ್ಲಿ ಕಾಲುವೆ ಏರಿ ಮೇಲೆ ಅರ್ಧ ಗಂಟೆ ನಡೆದು ಬಂದು, ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕುಡಿಯುತ್ತಾಳೆ. ಮೂಳೆ ಸ್ಕ್ಯಾನಿಂಗ್‌ಗೆ ಮುಂದಿನ ತಿಂಗಳು ಬರಬೇಕು. ಚೀಲದಲ್ಲಿ ಈ ಸಲ ಫೈಲು, ಟವೆಲ್, ಡಾಕ್ಟರು ಬರೆದ ಮೂರು ಮಾತ್ರೆ.